ಹನ್ನೊಂದು ‘ದಿ’ಗಳ ಪತ್ರ

ಚೌಡೇಶ್ವರಿ ಅಚ್ಚುಕೂಟದ ಮೆಟ್ಟಿಲು ಹತ್ತಿ ಬಂದಾಗ ಮುತ್ತಯ್ಯ ರೇಷ್ಮೆ ಸಂಘದ ನೋಟೀಸಿಗೆ ಸೀಸದ ಅಕ್ಷರದ ಮೊಳೆ ಜೋಡಿಸುತ್ತಿದ್ದ. ಅವಳ ಮುಖ ನೋಡಿದವನೇ ಕೈಯಲ್ಲಿದ್ದ ಮೊಳೆಗಳನ್ನು ಕೆಳಗಿಟ್ಟ. ರಾತ್ರಿಯೆಲ್ಲ ನಿದ್ದೆ ಕಾಣದ ಕಣ್ಣು ಅವು. ಅವಳು ಅವನನ್ನು ಮಾತಾಡಿಸದೆ ನೇರ ಕಿಟಕಿಯ ಪಕ್ಕದ ಮೇಜಿನ ಬಳಿ ಹೋಗಿ ನಿಂತಳು.

ಅದು ಐವತ್ನಾಲ್ಕನೆಯ ಇಸವಿಯ ಶ್ರಾವಣ. ಕೊಳ್ಳೇಗಾಲ ಆಗಿನ್ನೂ ಮದರಾಸು ರಾಜ್ಯಕ್ಕೆ ಸೇರಿತ್ತು. ಪಕ್ಕದ ಯಳಂದೂರು ಮೈಸೂರಿನದು. ಕಿಟಕಿಯ ಪಕ್ಕ ಕೂರುತ್ತಿದ್ದವರು ವಸಂತಮ್ಮ. ಮೂವತ್ತು ವರ್ಷ ಹೆಣ್ಣುಮಕ್ಕಳಿಗೆ ಇಂಗ್ಲಿಷು ಕಲಿಸಿ ನಿವೃತ್ತರಾದ ಮೇಲೆ ಅಚ್ಚುಕೂಟದ ಇಂಗ್ಲಿಷು ಪ್ರೂಫುಗಳನ್ನೆಲ್ಲ ಅವರೇ ನೋಡುತ್ತಿದ್ದರು. ಉಯಿಲಿನ ರುಜು ನಿಜವೋ ಸುಳ್ಳೋ ತಿಳಿಯಬೇಕಾದಾಗ, ಊರಿಗೆ ಬಂದ ಬೇನಾಮಿ ಅರ್ಜಿ ಬರೆದವರಾರೆಂದು ಹುಡುಕಬೇಕಾದಾಗ ಜನ ಅವರ ಬಳಿಗೇ ಬರುತ್ತಿದ್ದರು. ಒಂದೆರಡು ಸಲ ಸಬ್‌ಇನ್‌ಸ್ಪೆಕ್ಟರೂ ಸೈಕಲ್ಲು ನಿಲ್ಲಿಸಿ ಒಳಗೆ ಬಂದದ್ದುಂಟು. ಅಂಥ ಹೊತ್ತಿನಲ್ಲೆಲ್ಲ ಅವರ ಜೊತೆ ಓಡಾಡಿದವನು ಮುತ್ತಯ್ಯ. ಅವನಿಗೆ ಇಂಗ್ಲಿಷಿನ ಅಕ್ಷರಗಳೆಲ್ಲ ಗೊತ್ತು, ಅರ್ಥ ಮಾತ್ರ ಅಷ್ಟಕ್ಕಷ್ಟೆ.

“ಟೀಚರಮ್ಮ, ನಾನು ಕದ್ದು ಬರೆದಿದೀನಿ ಅಂತಾವ್ರೆ,” ಎಂದಳು ಚೌಡೇಶ್ವರಿ.

ನೇಕಾರರ ಬೀದಿಯ ಚೌಡಯ್ಯನ ಮಗಳು ಅವಳು. ಆ ಬೀದಿಯಲ್ಲಿ ಎಂ.ಎ. ಓದಿದ ಮೊದಲ ಹೆಣ್ಣು. ಅಜ್ಜಿಯ ಕಾಲದ ಬಣ್ಣದ ಕಡತವೊಂದನ್ನು, ಎಂದರೆ ಬಟ್ಟೆಗೆ ಹುಣಿಸೆಬೀಜದ ಅಂಟು ಹಚ್ಚಿ ಕಪ್ಪು ಬಳಿದು ಬಳಪದಲ್ಲಿ ಬರೆದಿಟ್ಟ ಹಳೆಯ ಪುಸ್ತಕವನ್ನು ಇಟ್ಟುಕೊಂಡು, ರೇಷ್ಮೆಗೆ ಬಣ್ಣ ಕಟ್ಟುವ ಹಳೆಯ ಕ್ರಮಗಳ ಮೇಲೆ ಎರಡು ವರ್ಷ ದುಡಿದು ಇಂಗ್ಲಿಷಿನಲ್ಲಿ ಪ್ರಬಂಧ ಬರೆದಿದ್ದಳು. ಅಚ್ಚಾದದ್ದು ಇದೇ ಅಚ್ಚುಕೂಟದಲ್ಲಿ. ಮದರಾಸಿನ ಕಾಲೇಜೊಂದು ಆ ಪ್ರಬಂಧವನ್ನು ನೋಡಿ ಅವಳಿಗೆ ಅಧ್ಯಾಪಕಿಯ ಕೆಲಸ ಕೊಡುವುದರಲ್ಲಿತ್ತು. ಈಗ ಅಲ್ಲಿನ ಪ್ರಿನ್ಸಿಪಾಲರು ತಮಗೆ ಬಂದ ಹೆಸರಿಲ್ಲದ ಪತ್ರವೊಂದನ್ನು ಅವಳಿಗೆ ಕಳಿಸಿ, ಹತ್ತು ದಿನದೊಳಗೆ ಸಮಜಾಯಿಷಿ ಕೊಡಬೇಕು, ಇಲ್ಲವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದಿದ್ದರು. ಆ ಹತ್ತರಲ್ಲಿ ನಾಲ್ಕು ದಿನ ಅಂಚೆಯಲ್ಲೇ ಕಳೆದಿದ್ದವು.

ವಸಂತಮ್ಮ ಪತ್ರವನ್ನು ಓದಿ ಕನ್ನಡದಲ್ಲಿ ಹೇಳಿದರು. ಬರೆದವನು ಟೈಪು ಮಾಡಿದ್ದ. ಸತ್ತುಹೋದ ಗೆಳೆಯನೊಬ್ಬನ ಕಾಗದಗಳಲ್ಲಿ ಈ ಪ್ರಬಂಧವನ್ನು ತಾನು ಹತ್ತು ವರ್ಷದ ಹಿಂದೆಯೇ ಕಂಡಿದ್ದೇನೆ, ಹುಡುಗಿ ತನ್ನ ಹೆಸರು ಹಾಕಿಕೊಂಡಿದ್ದಾಳೆ ಅಷ್ಟೆ ಎಂದು ಅವನ ಆರೋಪ. ಸಾಕ್ಷಿಗೆಂದು ಗೆಳೆಯನ ಬರಹದ್ದೆನ್ನುವ ಒಂದು ಪ್ಯಾರಾವನ್ನು ಪದ ಬಿಡದೆ ಇಳಿಸಿದ್ದ. ಅದು ಚೌಡೇಶ್ವರಿಯ ಪ್ರಬಂಧದ ಎರಡನೆಯ ಪುಟದ ಪ್ಯಾರಾ.

“ಕಡತ ತೋರಿಸ್ತೀನಿ ಅಂದ್ರೆ, ಅದನ್ನೂ ಆ ಸತ್ತವನ ಮನೆಯಿಂದ ತಂದಿದ್ದು ಅಂತಾರೆ,” ಎಂದಳು ಅವಳು. “ಸತ್ತವನನ್ನ ಎಲ್ಲಿಂದ ಸಾಕ್ಷಿಗೆ ಕರೆಯಾದು?”

ವಸಂತಮ್ಮ ಆ ಪ್ಯಾರಾವನ್ನು ಎರಡು ಸಲ ಓದಿ, ಮುತ್ತಯ್ಯನಿಗೆ ಕೊಟ್ಟರು. ಹೋಲಿಸಲು ಸುಲಭವಾಗಲೆಂದು, ಕಣ್ಣಿಗೆ ಕಂಡ ಹಾಗೇ ಮೊಳೆ ಜೋಡಿಸಿ ಒಂದು ಪ್ರತಿ ತೆಗೆಯಬೇಕು, ಒಂದಕ್ಷರವೂ ಹೆಚ್ಚು ಕಡಿಮೆಯಾಗಬಾರದು ಎಂದರು. ಅವನು ಅರ್ಧ ಗಂಟೆಯಲ್ಲಿ ತೆಗೆದುಕೊಟ್ಟ. ಅದನ್ನೂ ಅಚ್ಚಾದ ಪ್ರಬಂಧದ ಅದೇ ಪುಟವನ್ನೂ ಪಕ್ಕಪಕ್ಕ ಇಟ್ಟು, ಎರಡರಲ್ಲೂ ಇಂಗ್ಲಿಷಿನ ‘ದಿ’ ಎಂಬ ಪದ ಎಷ್ಟಿವೆ ಎಂದು ಎಣಿಸಲು ಹೇಳಿದರು.

‘ದಿ’ಯನ್ನು ಮುತ್ತಯ್ಯ ಚೆನ್ನಾಗಿ ಬಲ್ಲ. ಮೂರು ಮೊಳೆಯ ಆ ಪದದಿಂದಲೇ ‘ಇ’ ಅಕ್ಷರದ ಗೂಡು ಎಲ್ಲಕ್ಕಿಂತ ಮೊದಲು ಖಾಲಿಯಾಗುತ್ತಿತ್ತು. ಅವನು ಬೆರಳಿಟ್ಟು ಎಣಿಸಿದ. “ಅಚ್ಚಾಗಿರೋದ್ರಲ್ಲಿ ಎಂಟವೆ. ಈ ಕಾಗದದಲ್ಲಿ ಅನ್ನೊಂದು.”

“ಸರಿಯಾಗಿ ಎಣಿಸಿದೆಯಾ?”

“ಎಲ್ಡು ಸಲ ಎಣಿಸ್ದೆ.”

ವಸಂತಮ್ಮ ತಾವೂ ಒಮ್ಮೆ ಎಣಿಸಿ ನೋಡಿದರು. ಎರಡು ತಿಂಗಳ ಹಿಂದಿನ ಮೊದಲ ಪ್ರೂಫು ಮುತ್ತಯ್ಯನಿಗೆ ನೆನಪಾಯಿತು.

ಅಂದು ಚೌಡೇಶ್ವರಿ ಅಂಚೆ ಕಚೇರಿಯಿಂದ ಹಸ್ತಪ್ರತಿಯ ಪೊಟ್ಟಣವನ್ನು ನೇರ ಅಚ್ಚುಕೂಟಕ್ಕೆ ತಂದು ಅವನೆದುರೇ ಒಡೆದಿದ್ದಳು. ಹಾಳೆಗಳನ್ನು ಮೂಲೆಯಲ್ಲಿ ರೇಷ್ಮೆ ದಾರ ಪೋಣಿಸಿ ಕಟ್ಟಿತ್ತು. ಗಂಟು ಎಷ್ಟು ದಪ್ಪವೆಂದರೆ ಹಾಳೆ ಮಡಿಸಲು ಅಡ್ಡ ಬರುತ್ತಿತ್ತು. ಅವನು ಗೊಣಗಿಕೊಂಡೇ ಹಸ್ತಪ್ರತಿಯಲ್ಲಿದ್ದಂತೆ ಮೊಳೆ ಜೋಡಿಸಿ ಪ್ರೂಫಿನ ಎರಡು ಪ್ರತಿ ತೆಗೆದ. ಒಂದನ್ನು ವಸಂತಮ್ಮ ಕೆಂಪು ಪೆನ್ಸಿಲಿನಿಂದ ತಿದ್ದಿದರು. ಆ ಪ್ಯಾರಾ ಒಂದರಲ್ಲೇ ನಾಲ್ಕು ‘ದಿ’ಗಳಿಗೆ ಗೆರೆ ಬಿತ್ತು. ಅಷ್ಟು ಸಣ್ಣ ಪದದ ಮೇಲೆ ಇಷ್ಟು ಕೋಪ ಯಾಕೆಂದು ಅವನು ಕೇಳಿದ್ದ.

“ಕತೆ ಹೇಳುವಾಗ ನಾವು ಏನಂತ ಶುರು ಮಾಡ್ತೀವಿ?” ಎಂದಿದ್ದರು ವಸಂತಮ್ಮ. “ಒಂದೂರಲ್ಲಿ ಒಬ್ಬ ರಾಜ ಇದ್ದ ಅಂತೀವಿ. ಎರಡನೇ ಸಲ ಹೇಳುವಾಗ ಆ ರಾಜ ಅಂತೀವಿ. ಮೊದಲನೇ ಮಾತಿಗೇ ‘ಆ ರಾಜ’ ಅಂದರೆ ಮಗು ಯಾವ ರಾಜ ಅಂತ ಕೇಳ್ತದೆ. ಇಂಗ್ಲಿಷಿನ ‘ದಿ’ಯೂ ಹಾಗೇ. ಓದುವವನಿಗೆ ಯಾವುದು ಅಂತ ಗೊತ್ತಿದ್ದರೇ ಅದನ್ನ ಹಾಕಬೇಕು.”

ಚೌಡೇಶ್ವರಿ ಕಡತದ ಹೆಸರನ್ನು ಮೊದಲ ಸಲ ಎತ್ತುವಾಗಲೇ ‘ದಿ’ ಹಾಕಿದ್ದಳು, ಅದು ಒಂದು. ಲೋಕದ ರೇಷ್ಮೆಯನ್ನೆಲ್ಲ ಕುರಿತು ಹೇಳುವಾಗಲೂ, ತಾಳ್ಮೆ ಎಂಬ ಗುಣವನ್ನು ಹೇಳುವಾಗಲೂ ‘ದಿ’ ಬೇಕಿರಲಿಲ್ಲ, ಅಲ್ಲಿಗೆ ಮೂರು. ನಾಲ್ಕನೆಯದರ ಮುಂದೆ ವಸಂತಮ್ಮ ಪೆನ್ಸಿಲು ನಿಲ್ಲಿಸಿ ಹಸ್ತಪ್ರತಿ ನೋಡಿ, “ಇದು ಅವಳದಲ್ಲ, ನಿನ್ನ ಕೈಚಳಕ,” ಎಂದಿದ್ದರು. ಮಧುವನಹಳ್ಳಿಯ ಬಣ್ಣಗಾರರು ಎನ್ನುವಲ್ಲಿ ಅವನು ಅಭ್ಯಾಸಬಲದಿಂದ ಒಂದು ‘ದಿ’ ಸೇರಿಸಿದ್ದ. ವ್ಯಾಕರಣಕ್ಕೆ ಅದರಿಂದ ಏನೂ ಕೆಡುವುದಿಲ್ಲ, ಓದುವವರ ಕಣ್ಣಿಗೂ ಬೀಳುವುದಿಲ್ಲ. ಆದರೆ ಮಧುವನಹಳ್ಳಿಯ ಕೆಲವರಿಗೆ ಗೊತ್ತಿದ್ದ ಬಣ್ಣ ಅಲ್ಲಿನ ಎಲ್ಲರಿಗೂ ಗೊತ್ತಿತ್ತು ಎಂದಾಗಿಬಿಡುತ್ತದೆ. ಶಾಸ್ತ್ರದ ಬರಹದಲ್ಲಿ ಅದು ಸುಳ್ಳು ಹೇಳಿದ ಹಾಗೆ ಎಂದು ಅವರು ಗದರಿಸಿದ್ದರು.

“ತಿದ್ದಿ ತೆಗೆದ ‘ದಿ’ಗಳು ಈ ಪತ್ರದಲ್ಲಿ ಮತ್ತೆ ಬಂದು ಕೂತಿವೆ,” ಎಂದರು ಈಗ ವಸಂತಮ್ಮ. “ಹತ್ತು ವರ್ಷದ ಹಿಂದೆ ಸತ್ತವನು ಚೌಡೇಶ್ವರಿ ಮಾಡಿದ ತಪ್ಪನ್ನೇ, ಅದೇ ಜಾಗದಲ್ಲೇ ಮಾಡೋದಿಲ್ಲ. ಪತ್ರ ಬರೆದವನು ಇವಳ ಬರಹವನ್ನೇ ನೋಡಿಕೊಂಡು ಬರೆದಿದಾನೆ. ಅಚ್ಚಾದ ಪುಸ್ತಕ ಅಲ್ಲ, ತಿದ್ದೋದಕ್ಕೆ ಮುಂಚಿನದು. ಅದು ಯಾರ ಕೈಗೆ ಸಿಕ್ಕಿತ್ತು?”

ಆ ಪ್ರಶ್ನೆ ತನಗೇ ಹಾಕಿದ್ದೆಂದು ಮುತ್ತಯ್ಯನಿಗೆ ಅನ್ನಿಸಿತು. ಅವನು ತಲೆ ತಗ್ಗಿಸಿ ಮೊಳೆಗಳನ್ನು ಗೂಡಿಗೆ ಹಾಕತೊಡಗಿದ. ‘ಎನ್’ ಗೂಡಿಗೆ ‘ಯು’ ಬೀಳುತ್ತಿದ್ದುದು ಅವನಿಗೆ ಕಾಣಲಿಲ್ಲ.

ಪ್ರಬಂಧವನ್ನು ನೋಡಿರಬಹುದಾದವರ ಹೆಸರನ್ನು ಚೌಡೇಶ್ವರಿ ಒಂದೊಂದಾಗಿ ಹೇಳಿದಳು. ಹನೂರಿನ ಶಾಲೆಯ ಮೇಷ್ಟರು ಮಾದಸ್ವಾಮಿ ಅಚ್ಚಾದ ಪುಸ್ತಕವನ್ನು ಈಸಿಕೊಂಡು ಹೋಗಿದ್ದರು; ಹೆಣ್ಣುಮಕ್ಕಳಿಗೆ ಕಾಲೇಜಿನ ಕೆಲಸ ಯಾಕೆ ಎಂದು ಪತ್ರಿಕೆಗೆ ಬರೆದಿದ್ದ ಮನುಷ್ಯ. ಯಳಂದೂರು ಕಡೆಯ ಹೊನ್ನೂರಿನ ಜಮೀನುದಾರ ಗುರುಪಾದಸ್ವಾಮಿಗಳು ಈ ಬಣ್ಣಗಳು ತಮ್ಮ ಹಿರಿಯರು ಕಲಿಸಿದ್ದೆಂದು ವಾದಿಸಿ, ಅವಳ ಅಪ್ಪನ ಜೊತೆ ಸಂತೆಯಲ್ಲೇ ಜಗಳವಾಡಿದ್ದರು. ಆದರೆ ಅವರಿಗೆ ಪ್ರಬಂಧವನ್ನು ತೋರಿಸಿರಲಿಲ್ಲ. ಇನ್ನು ಹತ್ತಿರದ ಅಜ್ಜೀಪುರದವರೇ ಆದ ರುದ್ರಸ್ವಾಮಿಗಳು, ಮೈಸೂರಿನಲ್ಲಿ ಅವಳಿಗೆ ಪಾಠ ಹೇಳಿದ ಗುರುಗಳು. ಅವರ ಅಭಿಪ್ರಾಯ ಕೇಳಿ ಹಸ್ತಪ್ರತಿ ಕಳಿಸಿದ್ದಳು. ಬಿಡುವಾಗಲಿಲ್ಲ, ಕಟ್ಟು ಬಿಚ್ಚದೆ ಹಾಗೇ ಕಳಿಸಿದ್ದೇನೆ, ಅಚ್ಚಾದ ಮೇಲೆ ಓದುತ್ತೇನೆ ಎಂದು ಅವರು ಒಂದು ತಿಂಗಳ ಮೇಲೆ ಹಿಂದಿರುಗಿಸಿದ್ದರು. ಪುಸ್ತಕಗಳು ಮದರಾಸಿಗೆ ಹೋದದ್ದರಿಂದ ಅವರಿಗಿನ್ನೂ ಪ್ರತಿ ಕೊಟ್ಟಿರಲಿಲ್ಲ.

“ಪ್ರೂಫಿನ ಇನ್ನೊಂದು ಪ್ರತಿ, ನಾನು ತಿದ್ದದೇ ಇದ್ದದ್ದು?” ಎಂದು ವಸಂತಮ್ಮ ಕೇಳಿದರು.

“ನಾನಾಗ ಯಳಂದೂರಲ್ಲಿ ಸೋದರತ್ತೆ ಮನೇಲಿದ್ದೆ. ಮುತ್ತಯ್ಯನವರೇ ತಂದುಕೊಟ್ಟರು. ಅದು ನನ್ನ ಪೆಟ್ಟಿಗೆಯಲ್ಲೇ ಇದೆ.”

ಆ ರಾತ್ರಿ ಮುತ್ತಯ್ಯನಿಗೆ ಅನ್ನ ಸೇರಲಿಲ್ಲ. ಮಾರನೆಯ ದಿನವೂ ಕೆಲಸದ ನಡುವೆ ನಾಲ್ಕಾರು ಸಲ ಕಿಟಕಿಯ ತನಕ ಹೋಗಿ, ಏನೂ ಹೇಳದೆ ಹಿಂದಿರುಗಿದ. ವಸಂತಮ್ಮ ನೋಡಿದರೂ ಕೇಳಲಿಲ್ಲ. ಮೂರನೆಯ ದಿನ ಬೆಳಿಗ್ಗೆ, ಜಗಳವಾಡಿದ್ದ ಗುರುಪಾದಸ್ವಾಮಿಗಳನ್ನು ವಿಚಾರಿಸಲೆಂದು, ಅವನನ್ನು ಕರೆದುಕೊಂಡು ಹೊನ್ನೂರಿಗೆ ಹೊರಟರು. ಬಸ್ಸಿಳಿದು ಗದ್ದೆಯ ಬದುವಿನ ಮೇಲೆ ನಡೆಯುತ್ತಿದ್ದಾಗ ಅವನು ನಿಂತೇಬಿಟ್ಟ.

“ಟೀಚರಮ್ಮ, ಪ್ರೂಫು ಓಗಿದ್ದು ನೆಟ್ಟಗೆ ಯಳಂದೂರಿಗಲ್ಲ.”

ಎಲ್ಲವನ್ನೂ ಹೇಳಿದ. ಅವನ ಮಗಳು ಗೋವಿಂದಮ್ಮ ಬೇರೆ ಜಾತಿಯವನನ್ನು ಕಟ್ಟಿಕೊಂಡು ಹೊನ್ನೂರಿನಲ್ಲಿದ್ದಳು. ಮನೆಯಲ್ಲಿ ಅವಳ ಹೆಸರೆತ್ತುವ ಹಾಗಿರಲಿಲ್ಲ. ಮೊದಲ ಹೆರಿಗೆಯಾಗಿದೆಯೆಂದು ಯಾರೋ ಹೇಳಿದ್ದರಿಂದ, ಅಂದು ಪ್ರೂಫಿನ ಚೀಲವನ್ನು ಗುರುಪಾದಸ್ವಾಮಿಗಳ ಜಗುಲಿಯ ಮೇಲಿಟ್ಟು, ಕದ್ದುಮುಚ್ಚಿ ಮಗಳನ್ನೂ ಮಗುವನ್ನೂ ನೋಡಿ ಬಂದಿದ್ದ. ಒಂದೂವರೆ ಗಂಟೆ ಚೀಲ ಅಲ್ಲೇ ಇತ್ತು.

“ಆ ಉಡುಗಿ ಬದುಕಿಗೆ ನಾನೇ ಕಲ್ಲಾಕ್ದೆ ಕಣಮ್ಮ,” ಎಂದ.

“ಮೊನ್ನೆಯೇ ಹೇಳಿದ್ದರೆ ಎರಡು ದಿನ ಉಳೀತಿತ್ತು,” ಎಂದಷ್ಟೇ ಹೇಳಿ ವಸಂತಮ್ಮ ಮುಂದೆ ನಡೆದರು.

ಗುರುಪಾದಸ್ವಾಮಿಗಳು ಜಗುಲಿಯ ಮೇಲೆಯೇ ಕುಳಿತಿದ್ದರು. ವಸಂತಮ್ಮ ಸುತ್ತಿ ಬಳಸದೆ ಕೇಳಿದರು. ಅವರೂ ಹಾಗೆಯೇ ಹೇಳಿದರು.

“ಚೀಲದಲ್ಲಿ ಇಣುಕ್ತಿತ್ತು, ತಗದು ಓದ್ದೆ ಕಣ್ರಿ. ಎರಡನೇ ಪುಟದ ತಂಕ ಓದೋವಷ್ಟರಲ್ಲಿ ಇವನು ಬರೋದು ಕಾಣ್ತು, ಮಡಗ್ದೆ. ಮಧುವನಹಳ್ಳಿ ಬಣ್ಣಗಾರರಿಗೆಲ್ಲ ಈ ಬಣ್ಣ ಗೊತ್ತಿತ್ತು ಅಂತ ಬರದವಳೆ. ಶುದ್ಧ ಸುಳ್ಳು. ಜಗಳ ಆಡೋದಾದ್ರೆ ಎದುರಿಗೇ ಆಡ್ತೀನಿ. ಎಸರಿಲ್ದೆ ಕಾಗದ ಬರಿಯೋದು ನಮ್ಮನೇಲಿ ಇಲ್ಲ.”

ಕದ್ದು ಓದಿದ್ದನ್ನು ಒಪ್ಪಿಕೊಂಡವರ ಮಾತು ನಂಬುವುದೋ ಬಿಡುವುದೋ ಮುತ್ತಯ್ಯನಿಗೆ ತಿಳಿಯಲಿಲ್ಲ. ವಸಂತಮ್ಮನ ನಡೆ ಮಾತ್ರ ಚುರುಕಾಯಿತು. ಅವರು ಗುರುಪಾದಸ್ವಾಮಿಗಳನ್ನು ಭಾನುವಾರ ಅಚ್ಚುಕೂಟಕ್ಕೆ ಬರಹೇಳಿ, ಮೊದಲ ಬಸ್ಸಿಗೇ ಹಿಂದಿರುಗಿ, ಅಚ್ಚುಕೂಟದ ಬೀರುವಿನಿಂದ ಹಸ್ತಪ್ರತಿಯನ್ನು ತೆಗೆದುಕೊಂಡು ನೇಕಾರರ ಬೀದಿಗೆ ಹೋದರು.

ಚೌಡಯ್ಯ ಮಗ್ಗದ ಗುಂಡಿಯಲ್ಲಿ ಕುಳಿತಿದ್ದ. ಹಸ್ತಪ್ರತಿಗೆ ದಾರ ಕಟ್ಟಿದವರು ಯಾರು ಎಂದು ವಸಂತಮ್ಮ ಕೇಳಿದರು. ತಾನೇ ಕಟ್ಟಿಕೊಟ್ಟೆ ಎಂದ. ಆ ದಾರವನ್ನು ಕೈಗೆ ಕೊಟ್ಟಾಗ ಅವನು ಬೆಳಕಿಗೆ ಹಿಡಿದು ನೋಡಿ ಏನೋ ಹೇಳಿದ. ಹೊರಗೆ ಜಗುಲಿಯ ಮೇಲೆ ಕುಳಿತಿದ್ದ ಮುತ್ತಯ್ಯನಿಗೆ ಮಗ್ಗಗಳ ಸದ್ದಿನಲ್ಲಿ ಅದು ಕೇಳಲಿಲ್ಲ. ಕೇಳುವ ಧೈರ್ಯವೂ ಅವನಿಗಿರಲಿಲ್ಲ.

ಭಾನುವಾರ ಮಧ್ಯಾಹ್ನ ಎಲ್ಲರೂ ಅಚ್ಚುಕೂಟದಲ್ಲಿ ಸೇರಿದರು. ಗಡುವಿಗೆ ಮೂರು ದಿನ ಉಳಿದಿತ್ತು. ಹನೂರಿನಿಂದ ಮಾದಸ್ವಾಮಿ, ಹೊನ್ನೂರಿನಿಂದ ಗುರುಪಾದಸ್ವಾಮಿಗಳು ಬಂದಿದ್ದರು. ಶಿಷ್ಯೆಗೆ ಬಂದ ಕಷ್ಟ ಕೇಳಿ, ಉತ್ತರ ಬರೆಯಲು ನೆರವಾಗುತ್ತೇನೆಂದು ರುದ್ರಸ್ವಾಮಿಗಳು ಮೈಸೂರಿನಿಂದ ಬಂದಿದ್ದರು. ಚೌಡೇಶ್ವರಿ ಅವರ ಪಕ್ಕದಲ್ಲೇ ಕುಳಿತಳು. ಮುತ್ತಯ್ಯ ಬಾಗಿಲ ಬಳಿ ನಿಂತಿದ್ದ. ಕೂರು ಎಂದರೂ ಕೂರಲಿಲ್ಲ.

ವಸಂತಮ್ಮ ಪತ್ರವನ್ನು ಎತ್ತಿ ಹಿಡಿದರು. ಮೊದಲಿಗೆ ಎಂಟು ಮತ್ತು ಹನ್ನೊಂದರ ಲೆಕ್ಕ ವಿವರಿಸಿ, ಬರೆದವನು ತಿದ್ದುವ ಮುಂಚಿನ ಬರಹ ನೋಡಿದ್ದಾನೆಂದು ಹೇಳಿದರು. ಮಾದಸ್ವಾಮಿಗೆ ಸಿಕ್ಕಿದ್ದು ತಿದ್ದಿದ ಪುಸ್ತಕ, ಆದ್ದರಿಂದ ಅವರಲ್ಲ. ಮೇಷ್ಟರು ಟೊಪ್ಪಿಗೆ ತೆಗೆದು ಹಣೆ ಒರೆಸಿಕೊಂಡರು.

“ಅವನಿಗೆ ಇಂಗ್ಲಿಷು ಸರಿಯಾಗಿ ಬಾರದೆ ‘ದಿ’ ಹೆಚ್ಚಾಗಿರಬಹುದಲ್ಲ,” ಎಂದರು ರುದ್ರಸ್ವಾಮಿಗಳು.

“ನಾನೂ ಮೊದಲು ಅದನ್ನೇ ನೋಡಿದೆ. ಅವನ ಸ್ವಂತ ಮಾತಿನಲ್ಲಿ ಒಂದು ‘ದಿ’ಯೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಅಷ್ಟು ಬಲ್ಲವನು ಈ ತಪ್ಪು ಮಾಡೋದಿಲ್ಲ. ಬೇರೆಯವರ ಮಾತನ್ನು ಇದ್ದ ಹಾಗೇ ಇಳಿಸೋದು ವಿದ್ವಾಂಸರ ಶಿಸ್ತು. ಆ ಶಿಸ್ತೇ ಅವನನ್ನು ಹಿಡಿದುಕೊಟ್ಟಿತು.”

ಆಮೇಲೆ ಹೊನ್ನೂರಿನ ಜಗುಲಿಯ ವಿಷಯ ಬಂತು. ವಸಂತಮ್ಮ ಹೇಳುವ ಮೊದಲೇ ಮುತ್ತಯ್ಯ ಮುಂದೆ ಬಂದು, ಚೀಲ ಬಿಟ್ಟು ಹೋದವನು ತಾನು ಎಂದು ಎಲ್ಲರೆದುರಿಗೆ ಹೇಳಿದ. ಮಗಳನ್ನು ನೋಡಲು ಹೋಗಿದ್ದೆ ಎಂಬುದನ್ನೂ ಮುಚ್ಚಿಡಲಿಲ್ಲ. ಚೌಡೇಶ್ವರಿ ಅವನನ್ನು ನೋಡಿದ ನೋಟ ಅವನಿಗೆ ಸಹಿಸಲಾಗಲಿಲ್ಲ.

“ಗುರುಪಾದಸ್ವಾಮಿಗಳು ಪ್ರೂಫು ಓದಿದ್ದು ನಿಜ,” ಎಂದರು ವಸಂತಮ್ಮ. “ಆದರೆ ಆ ಪ್ರೂಫಿನಲ್ಲಿದ್ದ ‘ದಿ’ಗಳು ಎಷ್ಟು? ನಾನು ಗೆರೆ ಹಾಕಿದ್ದು ನಾಲ್ಕಕ್ಕೆ. ಎಂಟಕ್ಕೆ ನಾಲ್ಕು ಸೇರಿದರೆ ಹನ್ನೆರಡಾಗಬೇಕು. ಪತ್ರದಲ್ಲಿರೋದು ಹನ್ನೊಂದು. ಯಾವುದು ಇಲ್ಲ ಗೊತ್ತೇ? ಮಧುವನಹಳ್ಳಿಯ ಬಣ್ಣಗಾರರು ಅನ್ನೋ ಕಡೆ ಮುತ್ತಯ್ಯ ಸೇರಿಸಿದ್ದು. ಪ್ರೂಫು ಓದಿದವರಿಗೆ ಎಲ್ಲ ಬಣ್ಣಗಾರರೂ ಅಂತ ಅರ್ಥವಾಗ್ತದೆ. ಇವರಿಗೆ ಹಾಗೇ ಆಯಿತು, ಹಾಗೇ ಬೈದರು. ಪತ್ರ ಬರೆದವನ ಮುಂದಿದ್ದ ಹಾಳೆಯಲ್ಲಿ ಆ ‘ದಿ’ ಇರಲೇ ಇಲ್ಲ. ಅದು ಇಲ್ಲದ, ಉಳಿದ ಮೂರೂ ಇರುವ ಬರಹ ಲೋಕದಲ್ಲಿ ಒಂದೇ. ಚೌಡೇಶ್ವರಿಯ ಹಸ್ತಪ್ರತಿ.”

ಮುತ್ತಯ್ಯನಿಗೆ ಅದು ತಲೆಗೆ ಇಳಿಯಲು ಒಂದು ಗಳಿಗೆ ಬೇಕಾಯಿತು. ಇಳಿದ ಮೇಲೆ ಅವನು ಬಾಗಿಲ ಚೌಕಟ್ಟು ಹಿಡಿದು ಮೆಲ್ಲಗೆ ಕೆಳಗೆ ಕುಳಿತ.

“ಹಸ್ತಪ್ರತಿ ಈ ಅಚ್ಚುಕೂಟದಲ್ಲೂ ಇತ್ತಲ್ಲ,” ಎಂದರು ರುದ್ರಸ್ವಾಮಿಗಳು. ಅವರ ದನಿ ಮೆದುವಾಗಿಯೇ ಇತ್ತು. “ನಾನಂತೂ ಕಟ್ಟು ಬಿಚ್ಚಿರಲಿಲ್ಲ.”

ವಸಂತಮ್ಮ ಹಸ್ತಪ್ರತಿಯನ್ನು ಚೌಡಯ್ಯನ ಮುಂದಿಟ್ಟರು. ಅಲ್ಲಿಯವರೆಗೂ ಸುಮ್ಮನಿದ್ದ ಅವನು ದಾರ ಮುಟ್ಟಿ ಹೇಳಿದ: “ದಾರ ನಂದೇ. ಗಂಟು ನಂದಲ್ಲ ಸಾ. ನಾವಾಕೋ ಗಂಟು ಅಣಿಗೆ ಸಂದೀಲಿ ನುಗ್ಗಬೇಕು, ಇಲ್ದಿದ್ರೆ ಎಳೆ ಕಿತ್ತೋಯ್ತದೆ. ನಲವತ್ತು ವರ್ಷದಿಂದ ಈ ಕೈಗೆ ಇನ್ನೊಂದು ಗಂಟು ಗೊತ್ತಿಲ್ಲ.”

ಎಳೆಗಳು ಹಾಯುವ, ಬಾಚಣಿಗೆಯಂಥ ಮಗ್ಗದ ಹಣಿಗೆಯ ಕೂದಲೆಳೆಯಷ್ಟು ಸಂದಿನಲ್ಲಿ ಆ ದಪ್ಪ ಗಂಟು ನುಗ್ಗುವ ಮಾತೇ ಇರಲಿಲ್ಲ. ಅದು ಯಾವತ್ತಿನಿಂದ ಹಾಗಿದೆ ಎಂದು ವಸಂತಮ್ಮ ಕೇಳಿದರು. ಪೊಟ್ಟಣ ಒಡೆದ ದಿನವೇ ಹಾಳೆ ಮಡಿಸಲು ಅಡ್ಡ ಬರುತ್ತಿತ್ತೆಂದು ಮುತ್ತಯ್ಯ ಹೇಳಿದ. ಚೌಡೇಶ್ವರಿಯೂ ಹೌದೆಂದಳು. ಅಪ್ಪನ ಕೈಯಿಂದ ಹೋದ ಹಸ್ತಪ್ರತಿ ಅಚ್ಚುಕೂಟಕ್ಕೆ ಬರುವ ಮೊದಲು ತಂಗಿದ್ದು ಮೈಸೂರಿನ ಒಂದೇ ಮನೆಯಲ್ಲಿ.

“ಓದೋದಕ್ಕೆ ದಾರ ಬಿಚ್ಚಬೇಕಿರಲಿಲ್ಲ,” ಎಂದರು ವಸಂತಮ್ಮ. “ಟೈಪು ಮಾಡೋದಕ್ಕೆ ಹಾಳೆ ಬಿಡಿಬಿಡಿಯಾಗಿ ಬೇಕಿತ್ತು, ಅಲ್ಲವೇ?”

ರುದ್ರಸ್ವಾಮಿಗಳು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಆಮೇಲೆ ಅವರು ಮಾತಾಡಿದ್ದು ಚೌಡೇಶ್ವರಿಯ ಜೊತೆ. ಇದೇ ಬಣ್ಣಗಳ ಬೆನ್ನು ಹತ್ತಿ ತಾವು ಹನ್ನೆರಡು ವರ್ಷ ಊರೂರು ತಿರುಗಿದರೂ ಯಾರೂ ತಮಗೆ ಒಂದು ಕಡತವನ್ನೂ ತೋರಿಸಲಿಲ್ಲವೆಂದು ಹೇಳಿದರು. ಮದರಾಸಿನ ಆ ಕೆಲಸಕ್ಕೆ ಅವರೂ ಅರ್ಜಿ ಹಾಕಿದ್ದರು. “ನಿನ್ನ ಹಸ್ತಪ್ರತಿ ಬಂದ ದಿನ ಮೊದಲ ಪುಟ ಓದಿದೆ. ನಾನು ಇನ್ನು ಬರೆಯೋದು ಏನೂ ಉಳಿದಿಲ್ಲ ಅಂತ ಗೊತ್ತಾಯಿತು,” ಎಂದರು.

ಪೊಲೀಸರಿಗೆ ಒಪ್ಪಿಸಿ ಎಂದು ಗುರುಪಾದಸ್ವಾಮಿಗಳು ಎದ್ದು ನಿಂತರು. ಚೌಡೇಶ್ವರಿ ಬೇಡವೆಂದು ಕೈಸನ್ನೆ ಮಾಡಿದಳು. ಮೇಜಿನಿಂದ ಕಾಗದ, ಲೇಖನಿ ತಂದು ಗುರುಗಳ ಮುಂದಿಟ್ಟಳು.

“ನೀವು ಪಾಠ ಹೇಳ್ತಿದ್ದಾಗ ನಾನು ಒಂದು ಮಾತೂ ಬಿಡದೆ ಬರ್ಕೊಳ್ತಿದ್ದೆ ಸಾರ್. ಈಗ ನೀವು ಬರೀರಿ. ಕೆಳಗೆ ಹೆಸರು ಹಾಕಿ.”

ಅವರು ಬರೆದರು. ಪತ್ರ ತಮ್ಮದು, ಸತ್ತ ಗೆಳೆಯನೆಂಬುವನು ಇಲ್ಲ, ಪ್ರಬಂಧ ಚೌಡಯ್ಯನವರ ಮಗಳು ಚೌಡೇಶ್ವರಿಯದು ಎಂದು ಒಂದು ಪುಟ. ವಸಂತಮ್ಮ ಕೆಂಪು ಪೆನ್ಸಿಲು ಹಿಡಿದು ಓದಿದರು. ಎಲ್ಲೂ ಗೆರೆ ಹಾಕುವ ಕೆಲಸ ಬೀಳಲಿಲ್ಲ. ಅಂಚೆಯನ್ನು ನಂಬಿ ಕೂರುವಷ್ಟು ದಿನ ಉಳಿದಿರಲಿಲ್ಲ. ಸಂಜೆಯ ಬಸ್ಸಿಗೆ ಹೊರಟು ತಾನೇ ಮದರಾಸಿಗೆ ಒಯ್ಯುತ್ತೇನೆಂದು ಚೌಡೇಶ್ವರಿ ಹೇಳಿದಳು.

ರುದ್ರಸ್ವಾಮಿಗಳು ಎದ್ದು ಚಪ್ಪಲಿ ಮೆಟ್ಟಿಕೊಂಡರು. ಯಾರೂ ಅವರನ್ನು ತಡೆಯಲಿಲ್ಲ, ಬೀಳ್ಕೊಡಲೂ ಇಲ್ಲ. ಮೆಟ್ಟಿಲ ತನಕ ಹೋದ ಮೇಲೆ ಹಿಂದಿನಿಂದ ಚೌಡಯ್ಯನ ದನಿ ಕೇಳಿತು.

“ಮಗೀಗೆ ಅಕ್ಷರ ಕಲಿಸ್ದೋರು ನೀವು. ದೂರದಿಂದ ಬಂದಿದೀರಿ. ಮನೇಲಿ ಅಡುಗೆ ಆಗ್ಯದೆ, ಉಂಡ್ಕಂಡು ಓಗಿ ಸಾ.”

ಪೊಲೀಸರ ಮಾತು ಬಂದಾಗಲೂ ಅಲುಗದಿದ್ದ ಮನುಷ್ಯ ಆಗ ಮೆಟ್ಟಿಲ ಮೇಲೆಯೇ ಕುಸಿದು ಕುಳಿತು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡದ್ದನ್ನು ಮುತ್ತಯ್ಯ ನೋಡಿದ.